ಒಂದೊಂದು ತುತ್ತು, ಒಂದೊಂದು ಗುಟುಕು: ಎಪ್ಕಾಟ್‌ನ ಆಹಾರ–ವೈನ್ ಹಬ್ಬದಲ್ಲಿ

ಫ್ಲಾರಿಡಾದ ಆರ್ಲ್ಯಾಂಡೊಗೆ ಹೋಗುತ್ತೇವೆ ಎಂದಾಗ ಊರಿನಲ್ಲಿ ಎಲ್ಲರೂ ಕೇಳಿದ್ದು ಮಿಕ್ಕಿ ಮೌಸ್ ವಿಚಾರವನ್ನೇ. ನನಗೆ ಬೇಕಾಗಿದ್ದು ಬೇರೆ. ಅಲ್ಲಿನ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿರುವ ನಾಲ್ಕು ಥೀಮ್ ಪಾರ್ಕ್‌ಗಳಲ್ಲಿ ಎಪ್ಕಾಟ್ ಒಂದು. 1996ರಲ್ಲಿ ಆರಂಭವಾದ ಅಲ್ಲಿನ ಅಂತರರಾಷ್ಟ್ರೀಯ ಆಹಾರ ಮತ್ತು ವೈನ್ ಹಬ್ಬ ಈಗ ಬೇಸಿಗೆಯ ಕೊನೆಯಲ್ಲಿ ಶುರುವಾಗಿ ನವೆಂಬರ್‌ವರೆಗೂ ನಡೆಯುತ್ತದೆ. ಟ್ಯಾಂಪಾದಲ್ಲಿ ನೆಲೆಸಿರುವ ತಂಗಿ ಫೋನಿನಲ್ಲಿ ಪ್ರತಿ ಸಲವೂ ಹೇಳುತ್ತಿದ್ದಳು: "ಅಕ್ಕ, ಬರುವುದಾದರೆ ಸೆಪ್ಟೆಂಬರ್‌ನಲ್ಲೇ ಬಾ. ಭಾವನಿಗೆ ತಿನ್ನುವುದಕ್ಕೆ ಬೇಕಾದಷ್ಟಿದೆ, ನಿನಗೆ ದ್ರಾಕ್ಷಿಯ ಕತೆ ಬೇಕಾದಷ್ಟಿದೆ."

ದ್ರಾಕ್ಷಿಯ ಕತೆ ಎಂದು ಅವಳು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ತವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಬಳಿ. ನಾವಿಬ್ಬರೂ ಬೆಳೆದದ್ದು 'ಬೆಂಗಳೂರು ನೀಲಿ' ದ್ರಾಕ್ಷಿಯ ಚಪ್ಪರದ ಕೆಳಗೆ. ಅಪ್ಪನ ನಂತರ ಈಗ ಅಣ್ಣ ಆ ತೋಟ ನೋಡಿಕೊಳ್ಳುತ್ತಾನೆ. ಮದುವೆಯಾಗಿ ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ದ್ರಾಕ್ಷಿ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಮೊದಲ ದಿನ: ಬೆಳ್ಳಿ ಗೋಳ, ಹಸಿರುಮನೆ, ನಾಸಿಕದ ವೈನ್

ಟ್ಯಾಂಪಾದಿಂದ ಪೂರ್ವಕ್ಕೆ ಇಂಟರ್‌ಸ್ಟೇಟ್ 4 ಹೆದ್ದಾರಿ ಹಿಡಿದು ಬೆಳಿಗ್ಗೆ ಬೇಗ ಹೊರಟೆವು. ತಂಗಿ, ಅವಳ ಮಗಳು, ನಮ್ಮವರು, ನಾನು. ತಂಗಿಯ ಗಂಡನಿಗೆ ಕೆಲಸದಿಂದ ಬಿಡುವಿರಲಿಲ್ಲ. ವಾರದ ನಡುವಿನ ದಿನಗಳನ್ನು ತಂಗಿ ಬೇಕೆಂದೇ ಆರಿಸಿದ್ದಳು. ಶನಿವಾರ, ಭಾನುವಾರ ಸುತ್ತಲಿನ ಊರುಗಳ ಜನರೆಲ್ಲ ಇಲ್ಲಿಗೇ ಬರುತ್ತಾರಂತೆ. ಹೋಗುವವರಿಗೆ ನಾನು ಹೇಳುವ ಮೊದಲ ಮಾತೂ ಅದೇ: ವಾರಾಂತ್ಯ ಬೇಡ, ಒಂದೇ ದಿನದಲ್ಲಿ ಮುಗಿಸುವ ಆಸೆಯೂ ಬೇಡ. ಪ್ರವೇಶದ ಟಿಕೆಟ್ ಒಬ್ಬರಿಗೆ ದಿನಕ್ಕೆ ನೂರು ಡಾಲರ್ ಮೀರುತ್ತದೆ. ತಿಂಡಿ, ಪಾನೀಯಗಳಿಗೆ ಬೇರೆ ಹಣ. ಇಷ್ಟು ಖರ್ಚು ಮಾಡಿ ಓಡುತ್ತಾ ನುಂಗಿದರೆ ನಾಲಿಗೆಗೂ ತೃಪ್ತಿಯಿಲ್ಲ, ಮನಸ್ಸಿಗೂ ಇಲ್ಲ.

ಬಾಗಿಲು ದಾಟಿದೊಡನೆ ಎದುರಿಗೆ ನಿಲ್ಲುವುದು 'ಸ್ಪೇಸ್‌ಶಿಪ್ ಅರ್ತ್' ಎಂಬ ಬೆಳ್ಳಿ ಬಣ್ಣದ ಗೋಳ. ಎತ್ತರ 180 ಅಡಿ. ಮೈತುಂಬ ತ್ರಿಕೋನದ ಹಲಗೆಗಳು. ಅದರ ಮೇಲೆ ಬಿದ್ದ ಮಳೆನೀರು ಕೆಳಗೆ ನಿಂತ ಜನರ ತಲೆಯ ಮೇಲೆ ಸುರಿಯುವುದಿಲ್ಲ. ಹಲಗೆಗಳ ನಡುವಿನ ಸಂದಿನಿಂದ ಒಳಗಿಳಿದು, ಕೊಳವೆಗಳ ಮೂಲಕ ಪಾರ್ಕ್‌ನ ಒಳಗಿನ ದೊಡ್ಡ ಕೊಳಕ್ಕೆ ಹೋಗಿ ಸೇರುತ್ತದೆ. ನಮ್ಮವರು ಸಿವಿಲ್ ಎಂಜಿನಿಯರ್ ಆಗಿದ್ದವರು. ಗೋಳದ ಕೆಳಗೆ ನಿಂತು ಕತ್ತೆತ್ತಿ ನೋಡಿದವರು ಅಲ್ಲಿಂದ ಕದಲುವ ಹಾಗೆಯೇ ಕಾಣಲಿಲ್ಲ.

ವಾಲ್ಟ್ ಡಿಸ್ನಿ ಎಪ್ಕಾಟ್ ಎಂಬ ಹೆಸರಿನಲ್ಲಿ ಕನಸು ಕಂಡಿದ್ದು ಪಾರ್ಕನ್ನಲ್ಲ, ಜನ ವಾಸಿಸುವ ನಿಜವಾದ ಒಂದು ನಗರವನ್ನು. ಅವರು 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ನಗರ ಕಾಗದದಲ್ಲೇ ಉಳಿಯಿತು. 1982ರ ಅಕ್ಟೋಬರ್ 1ರಂದು ಬಾಗಿಲು ತೆರೆದದ್ದು ಇಂದಿನ ಈ ಪಾರ್ಕ್: ಮುಂದಿನ ಅರ್ಧ ವಿಜ್ಞಾನಕ್ಕೆ, ಹಿಂದಿನ ಅರ್ಧ ದೇಶದೇಶಗಳಿಗೆ. ಆ ಹಿಂದಿನ ಅರ್ಧವೇ 'ವರ್ಲ್ಡ್ ಶೋಕೇಸ್'. ಕೊಳದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಅಲ್ಲಿ ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ಚಟುವಟಿಕೆ ಆರಂಭ.

ಅಷ್ಟರವರೆಗೆ ತಂಗಿ ನಮ್ಮನ್ನು 'ಲಿವಿಂಗ್ ವಿತ್ ದ ಲ್ಯಾಂಡ್' ಎಂಬ ದೋಣಿ ಸವಾರಿಗೆ ಕರೆದೊಯ್ದಳು. ರೋಮಾಂಚನ ಬೇಕೆನ್ನುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರಂತೆ. ನನ್ನ ಮಟ್ಟಿಗೆ ಇಡೀ ಪಾರ್ಕ್‌ನಲ್ಲಿ ಎರಡನೆಯ ಸಲವೂ ಹತ್ತಬೇಕೆನಿಸಿದ್ದು ಇದೊಂದೇ. ಕತ್ತಲೆಯ ಸುರಂಗ ದಾಟಿದ ದೋಣಿ ನೇರವಾಗಿ ಹಸಿರುಮನೆಗಳೊಳಗೆ ನುಗ್ಗುತ್ತದೆ. ಮಣ್ಣಿಲ್ಲದೆ ನೀರಿನಲ್ಲೇ ಬೆಳೆದ ಸೊಪ್ಪು, ಬೇರುಗಳನ್ನು ಗಾಳಿಗೆ ಇಳಿಬಿಟ್ಟುಕೊಂಡು ತೂಗುವ ಗಿಡಗಳು, ಹಂದರದ ಮೇಲೆ ಹಬ್ಬಿ ಗೊಂಚಲುಗಟ್ಟಿದ ಟೊಮೆಟೊ, ಪಕ್ಕದಲ್ಲೇ ಮೀನು ಸಾಕುವ ತೊಟ್ಟಿಗಳು. ಉಷ್ಣವಲಯದ ಬೆಳೆಗಳ ಮನೆಯಲ್ಲಿ ಹಲಸನ್ನು ಕಂಡಾಗ ನಮ್ಮವರು ದೋಣಿಯಲ್ಲೇ ಅರ್ಧ ಎದ್ದು ನಿಂತರು. "ಕೂತುಕೊಳ್ಳಿ ದೊಡ್ಡಪ್ಪ, ಬೈಯುತ್ತಾರೆ!" ಎಂದು ಮಗು ಅಂಗಿ ಹಿಡಿದು ಎಳೆಯಿತು. ಇಲ್ಲಿ ಬೆಳೆದದ್ದು ಈ ಪಾರ್ಕ್‌ನ ಊಟದ ಮನೆಗಳಿಗೂ ಹೋಗುತ್ತದೆ. ತಟ್ಟೆಗೆ ಬರುವುದು ಎಲ್ಲಿಂದ ಬರುತ್ತದೆ ಎಂದು ಊಟಕ್ಕೆ ಮೊದಲೇ ಮಕ್ಕಳಿಗೆ ತೋರಿಸುವ ಇಂಥ ಜಾಗ ನಮ್ಮ ಲಾಲ್‌ಬಾಗ್‌ನಲ್ಲೂ ಒಂದು ಬರಲಿ ಎಂದು ಮನಸಾರೆ ಬಯಸುತ್ತೇನೆ.

ಹಬ್ಬದ ಏರ್ಪಾಡು ಹೀಗಿದೆ. ಕೊಳದ ಸುತ್ತಲಿನ ದಾರಿಯಲ್ಲೂ ಪಾರ್ಕ್‌ನ ಮುಂಭಾಗದಲ್ಲೂ ಚಿಕ್ಕ ಚಿಕ್ಕ ಮಳಿಗೆಗಳು. ಒಂದೊಂದರಲ್ಲಿ ಮೂರು ನಾಲ್ಕು ತಿನಿಸು, ನಾಲ್ಕಾರು ಪಾನೀಯ, ಅಷ್ಟೇ. ಒಂದು ತಿನಿಸು ಎಂದರೆ ಅಂಗೈಯಗಲದ ತಟ್ಟೆಯಲ್ಲಿ ನಾಲ್ಕು ತುತ್ತು. ಹೆಚ್ಚಿನವುಗಳ ಬೆಲೆ ಐದರಿಂದ ಒಂಬತ್ತು ಡಾಲರ್‌ನ ಒಳಗೆ. ಪಾಸ್‌ಪೋರ್ಟ್ ಎಂದು ಕರೆಯುವ ಕಿರುಪುಸ್ತಕವನ್ನು ಬಿಟ್ಟಿಯಾಗಿ ಕೊಡುತ್ತಾರೆ. ಎಲ್ಲ ಮಳಿಗೆಗಳ ಪಟ್ಟಿ ಅದರಲ್ಲಿದೆ, ತಿಂದದ್ದಕ್ಕೆ ಗುರುತು ಹಾಕಿಕೊಳ್ಳಬಹುದು. ಮಣಿಕಟ್ಟಿಗೆ ಸುತ್ತಿಕೊಳ್ಳುವ ಪುಟ್ಟ ಗಿಫ್ಟ್ ಕಾರ್ಡ್ ಕೂಡ ಸಿಗುತ್ತದೆ. ತಂಗಿ ಅದಕ್ಕೆ ದಿನದ ಖರ್ಚಿನಷ್ಟು ಹಣ ತುಂಬಿಸಿ ನನ್ನ ಕೈಗೆ ಕಟ್ಟಿದಳು. ಅದು ಖಾಲಿಯಾದಾಗ ಆ ದಿನದ ತಿನ್ನುವಿಕೆ ಮುಗಿಯಿತು ಎಂದು ಲೆಕ್ಕ. ಒಳ್ಳೆಯ ಏರ್ಪಾಡು. ವೈನ್ ಬೇಕೆನ್ನುವವರಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕು. ಹೊರದೇಶದವರು ನಿಜವಾದ ಪಾಸ್‌ಪೋರ್ಟನ್ನೇ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಭಾರತಕ್ಕೆ ಇಲ್ಲಿ ಕಾಯಂ ಮಂಟಪವಿಲ್ಲ. ಹಬ್ಬದ ದಿನಗಳಲ್ಲಿ ಮಾತ್ರ ಮಳಿಗೆ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಮೊದಲು ಅದನ್ನೇ ನೋಡಬೇಕಿತ್ತು. ಬಿಸಿ ರೊಟ್ಟಿಯ ತುಂಡುಗಳು, ಜೊತೆಗೆ ಬೆಳ್ಳುಳ್ಳಿ ಉಪ್ಪಿನಕಾಯಿ, ಮಾವಿನ ಹಣ್ಣಿನ ಸಾಲ್ಸಾ, ಕೊತ್ತಂಬರಿಯ ಹಸಿರು ಚಟ್ನಿ. ಗೋಡಂಬಿ, ಬಾದಾಮಿ ಬಿದ್ದ ಕೋರ್ಮಾ ಕೋಳಿ. ಖಾರ ಕಡಿಮೆ, ಆದರೆ ಕೊತ್ತಂಬರಿ ತಾಜಾ ಇತ್ತು, ಹುಳಿ ಹದವಾಗಿತ್ತು. ನಮ್ಮ ಹಿಂದೆ ಸಾಲಿನಲ್ಲಿದ್ದ ಹಿರಿಯ ದಂಪತಿ ಆ ಬೆಳ್ಳುಳ್ಳಿಯನ್ನು ಬೆರಳಿನಿಂದ ಬಳಿದು ತಿಂದು ಇನ್ನೊಂದು ತಟ್ಟೆಗೆ ಮತ್ತೆ ಸಾಲಿನಲ್ಲಿ ನಿಂತರು. ನಮ್ಮ ಮನೆಯ ಅಡುಗೆಯನ್ನೇ ಹೊಗಳಿದಷ್ಟು ಸಂತೋಷವಾಯಿತು.

ಪಾನೀಯಗಳ ಪಟ್ಟಿಯಲ್ಲಿ ನಾಸಿಕದ ಸುಲಾ ಕಂಪನಿಯ ಶೆನಿನ್ ಬ್ಲಾಂಕ್ ವೈನ್ ಇತ್ತು. ದ್ರಾಕ್ಷಿಯ ತಳಿ ಒಂದು ಕಡೆ, ಊರಿನ ಹೆಸರು ಇನ್ನೊಂದು ಕಡೆ. ಪ್ಲಾಸ್ಟಿಕ್ ಲೋಟದಲ್ಲಿ ಎರಡು ಮೂರು ಗುಟುಕಿನಷ್ಟು ಹಳದಿ ವೈನ್, ತಣ್ಣಗೆ, ತುಸು ಸಿಹಿ, ಪೇರಲೆಯ ವಾಸನೆ. ಅದನ್ನು ಕೈಯಲ್ಲಿ ಹಿಡಿದು ಆ ಫಲಕವನ್ನೇ ಬಹಳ ಹೊತ್ತು ನೋಡಿದೆ. ನಾಸಿಕದ ರೈತರ ಊರು ಫ್ಲಾರಿಡಾದಲ್ಲಿ ಹಲಗೆಯ ಮೇಲೆ ಬಂದಿದೆ. ನಂದಿ ಬೆಟ್ಟದ ತಪ್ಪಲಿನಲ್ಲೂ ಮೂರು ದಶಕಗಳಿಗೂ ಮೀರಿ ವೈನ್ ತಯಾರಾಗುತ್ತಿದೆ. ಆ ಹೆಸರೂ ಇಲ್ಲಿಗೆ ಬರಬೇಕು.

ಎರಡನೆಯ ದಿನ: ಕೊಳದ ಸುತ್ತ

ಹೆದ್ದಾರಿ ಬದಿಯ ಹೋಟೆಲ್‌ನಲ್ಲಿ ಬೆಳಗಿನ ತಿಂಡಿಗೆ ಇಟ್ಟಿದ್ದ ಹಣ್ಣಿನ ರಸಗಳಲ್ಲಿ ಒಂದು ಕಡುನೇರಳೆ ಬಣ್ಣದ್ದು. ಲೋಟ ಬಾಯಿಗೆ ತರುವ ಮೊದಲೇ ಮೂಗಿಗೆ ಬಡಿದದ್ದು ನಮ್ಮ ತೋಟದ ವಾಸನೆ: ಕೊಯ್ಲಿನ ದಿನ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅಂಗಳದಲ್ಲೆಲ್ಲ ಹರಡುವ ಆ ಗಾಢವಾದ, ಸ್ವಲ್ಪ ಕಸ್ತೂರಿ ಬೆರೆತ ಪರಿಮಳ. ತಂಗಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು. "ಇದೇ ಅಕ್ಕ, ಕಾಂಕಾರ್ಡ್. ನನಗೆ ಊರು ನೆನಪಾದಾಗಲೆಲ್ಲ ಇದನ್ನೇ ಕೊಳ್ಳುವುದು" ಎಂದಳು.

ಕಾಂಕಾರ್ಡ್ ದ್ರಾಕ್ಷಿಯನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮ್ಯಾಸಚೂಸೆಟ್ಸ್‌ನ ಕಾಂಕಾರ್ಡ್ ಊರಿನಲ್ಲಿ ಎಫ್ರೈಮ್ ಬುಲ್ ಎಂಬವರು ಬೆಳೆಸಿ ಆಯ್ದರು. ಅಮೆರಿಕದ ಕಾಡುದ್ರಾಕ್ಷಿ ಲಾಬ್ರುಸ್ಕಾದ ರಕ್ತ ಅದರಲ್ಲಿದೆ. ನಮ್ಮ ಬೆಂಗಳೂರು ನೀಲಿಯಲ್ಲೂ ಇರುವುದು ಅದೇ ಲಾಬ್ರುಸ್ಕಾದ ಅಂಶ. ದಪ್ಪ ಸಿಪ್ಪೆ, ಸಿಪ್ಪೆಯಿಂದ ಜಾರಿ ಹೊರಬರುವ ತಿರುಳು, ಈ ಪರಿಮಳ, ಎಲ್ಲವೂ ಆ ಕಡೆಯಿಂದ ಬಂದವು. ಅಂದರೆ ಅಪ್ಪ ಜೀವಮಾನವಿಡೀ ಸಾಕಿದ ಬಳ್ಳಿಯ ಹಿರಿಯರ ನೆಲಕ್ಕೆ ಬಂದು ನಿಂತಿದ್ದೆ ನಾನು. ನಮ್ಮವರು ಎರಡು ಲೋಟ ಕುಡಿದರು. ಅವರು ಮದ್ಯ ಮುಟ್ಟುವವರಲ್ಲ. ಹಬ್ಬದಲ್ಲೂ ಅವರದು ರಸ, ಕಾಫಿ, ತಣ್ಣೀರು.

ಆ ದಿನ ಕೊಳದ ಸುತ್ತಲಿನ ಸುಮಾರು ಎರಡು ಕಿಲೋಮೀಟರ್ ದಾರಿಯನ್ನು ಕೆನಡಾ ಕಡೆಯಿಂದ ಶುರುಮಾಡಿದೆವು. ಮೊದಲಿಗೆ ಅಲ್ಲಿನ ಚೆಡ್ಡರ್ ಚೀಸ್ ಸೂಪ್, ಜೊತೆಗೆ ಪ್ರೆಟ್ಜೆಲ್ ಹಿಟ್ಟಿನ ಬನ್. ಬೇಕನ್ ಬಿದ್ದ ಗಟ್ಟಿ ಸೂಪ್ ಅದು. ಮೂವತ್ತು ಡಿಗ್ರಿ ಮೀರಿದ ಸೆಕೆಯಲ್ಲೂ ಜನ ಅದಕ್ಕಾಗಿ ಸಾಲುಗಟ್ಟಿದ್ದರು. ನಾನು ನಾಲ್ಕು ಚಮಚ ತಿಂದು ಬನ್ನನ್ನು ಮಗುವಿಗೆ ಕೊಟ್ಟೆ. ಇಂಗ್ಲೆಂಡ್ ದಾಟಿ ಫ್ರಾನ್ಸ್‌ಗೆ ಬಂದರೆ ಅಲ್ಲಿ ಇನ್ನೂ ಉದ್ದದ ಸಾಲು. ಕ್ರೆಮ್ ಬ್ರೂಲೆ ಎಂಬ ಸಿಹಿ ಒಂದನ್ನು ಹಂಚಿಕೊಂಡು ಮುಂದೆ ನಡೆದೆವು.

ಮೊರಾಕ್ಕೊ ಮಂಟಪದಲ್ಲಿ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ. 1984ರಲ್ಲಿ ಇದು ತೆರೆಯುವ ಮೊದಲು ಎರಡನೆಯ ಹಸನ್ ದೊರೆ ತನ್ನ ದೇಶದ ಕುಶಲಕರ್ಮಿಗಳನ್ನು ಇಲ್ಲಿಗೆ ಕಳುಹಿಸಿದ್ದ. ಗೋಡೆಯ ಒಂದು ಮೂಲೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಉಗುರಿನಷ್ಟು ಚಿಕ್ಕ ಹೆಂಚಿನ ಚೂರುಗಳು: ಬಿಳಿ, ಕಡುಹಸಿರು, ಜೇನಿನ ಬಣ್ಣ, ನೀಲಿ. ಪ್ರತಿ ಚೂರಿನ ಅಂಚೂ ಕೈಯಿಂದ ಕೆತ್ತಿದ್ದು, ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ಆದರೂ ಅಷ್ಟೂ ಸೇರಿ ಎಳೆ ತಪ್ಪದ ನಕ್ಷತ್ರವಾಗಿವೆ. ಮನುಷ್ಯರ ಚಿತ್ರ ಎಲ್ಲೂ ಇಲ್ಲ. ಕಲ್ಲಿನ ಒಲೆಯಲ್ಲಿ ಸುಟ್ಟ ರೊಟ್ಟಿಯನ್ನೂ ಕಡಲೆಯ ಹಮ್ಮಸ್ ಅನ್ನೂ ತೆಗೆದುಕೊಂಡು ಆ ಗೋಡೆಯ ನೆರಳಿನಲ್ಲೇ ಕುಳಿತು ತಿಂದೆವು. ಥೀಮ್ ಪಾರ್ಕ್ ಎಂದರೆ ಪ್ಲಾಸ್ಟಿಕ್ ಎನ್ನುವವರು ಈ ಗೋಡೆಯ ಮುಂದೆ ಐದು ನಿಮಿಷ ನಿಂತು ಬರಲಿ.

ಜಪಾನಿನ ಐದು ಅಂತಸ್ತಿನ ಪಗೋಡ ದಾಟುವಷ್ಟರಲ್ಲಿ ಆಕಾಶ ಕಪ್ಪಾಯಿತು. ಫ್ಲಾರಿಡಾದ ಈ ಕಾಲದ ಮಳೆ ಮಧ್ಯಾಹ್ನದ ಗುಡುಗು ಸಿಡಿಲಿನೊಂದಿಗೆ ಬರುತ್ತದೆ, ಒಂದು ಗಂಟೆ ಹೊಡೆದು ಹೋಗುತ್ತದೆ. ಓಡಿ ಅಮೆರಿಕದ ಮಂಟಪ ಸೇರಿದೆವು. ಒಳಗೆ ಗುಮ್ಮಟದ ಕೆಳಗೆ 'ವಾಯ್ಸಸ್ ಆಫ್ ಲಿಬರ್ಟಿ' ತಂಡದವರು ಯಾವ ವಾದ್ಯವೂ ಇಲ್ಲದೆ ಹಾಡುತ್ತಿದ್ದರು. ಮಳೆಯಲ್ಲಿ ನೆನೆದ ಜನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೇಳಿದರು. ನಾವೂ ಕುಳಿತೆವು.

ಮಳೆ ನಿಂತ ಮೇಲಿನ ಎರಡು ಮೂರು ಗಂಟೆಗಳೇ ಇಡೀ ಪ್ರವಾಸದ ಸಾರ. ನೆಲ ತಣ್ಣಗಾಗಿತ್ತು, ಅರ್ಧ ಜನ ಹೊರಟುಹೋಗಿದ್ದರು, ಮಳಿಗೆಗಳ ಮುಂದೆ ಸಾಲೇ ಇರಲಿಲ್ಲ. ಬ್ರೆಜಿಲ್ ಮಳಿಗೆಯ ಪಾವ್ ಡಿ ಕೆಜೊ ಮರಗೆಣಸಿನ ಹಿಟ್ಟಿಗೆ ಚೀಸ್ ಕಲಸಿ ಬೇಯಿಸಿದ ಪುಟ್ಟ ಉಂಡೆ. ನಮ್ಮ ಪಡ್ಡಿನ ಹಾಗೆ ಹೊರಗೆ ಗರಿ, ಒಳಗೆ ಮೆತ್ತಗೆ. ಗೋಧಿ ಒಗ್ಗದವರೂ ತಿನ್ನಬಹುದು. ಆಲ್ಪ್ಸ್ ಮಳಿಗೆಯಲ್ಲಿ ರಾಕ್ಲೆಟ್: ಕಾವಿಗೆ ಮೇಲ್ಪದರ ನೊರೆಯುಕ್ಕಿ ಕರಗಿದ ಸ್ವಿಸ್ ಚೀಸನ್ನು ಬೆಂದ ಎಳೆಯ ಆಲೂಗಡ್ಡೆಗಳ ಮೇಲೆ ಬಿಸಿಬಿಸಿಯಾಗಿ ಹಾಕುತ್ತಾರೆ. ಪಕ್ಕದಲ್ಲಿ ಹುಳಿ ಹಿಡಿಸಿದ ಕಿರುಸೌತೆ. ಚೀಸ್‌ನ ಜಿಡ್ಡನ್ನು ಆ ಸೌತೆಯ ಹುಳಿ ಕತ್ತರಿಸುತ್ತದೆ, ಆಲೂಗಡ್ಡೆ ಎರಡನ್ನೂ ತಾಳಿಕೊಳ್ಳುತ್ತದೆ. ಹಬ್ಬದಲ್ಲಿ ತಿಂದದ್ದರಲ್ಲೆಲ್ಲ ನನ್ನ ಮೊದಲ ಬಹುಮಾನ ಇದಕ್ಕೆ. ತಂಗಿಯದು ಗ್ರೀಸ್‌ನ ಕಡೆಗೆ: ಹಂಚಿನ ಮೇಲೆ ಕೆಂಪಗೆ ಸುಟ್ಟ ಚೀಸ್, ಮೇಲೆ ಜೇನು, ಪಿಸ್ತಾ.

ಮಗುವಿಗೆ ತಿನ್ನುವುದಕ್ಕಿಂತ ಮುದ್ರೆಯ ಚಿಂತೆ. ಚೀಸ್‌ನ ಗುರುತಿರುವ ಐದು ತಿನಿಸುಗಳನ್ನು ಕೊಂಡು ಪುಸ್ತಕದಲ್ಲಿ ಐದು ಮುದ್ರೆ ಒತ್ತಿಸಿಕೊಂಡರೆ ಕೊನೆಗೊಂದು ಸಿಹಿ ಬಿಟ್ಟಿ. 'ಎಮಿಲ್ಸ್ ಫ್ರೊಮಾಜ್ ಮೊಂಟಾಜ್' ಎಂದು ಅದರ ಹೆಸರು. "ದೊಡ್ಡಮ್ಮ, ಇನ್ನೊಂದೇ ಒಂದು ಬಾಕಿ!" ಎಂದು ಅವಳು ಮುಂದೆ ಓಡುವುದು, ನಾವು ಮೂವರು ಹಿಂದೆ ಹೆಜ್ಜೆ ಹಾಕುವುದು. ನಾಲ್ವರ ನಡುವೆ ಒಂದೇ ತಟ್ಟೆ, ನಾಲ್ಕು ಮುಳ್ಳುಚಮಚ. ಹಂಚಿಕೊಂಡು ತಿನ್ನುವವರಿಗೆ ಈ ಹಬ್ಬ ಹೇಳಿ ಮಾಡಿಸಿದ್ದು. ಒಬ್ಬರೇ ಒಂದು ತಟ್ಟೆ ಮುಗಿಸಿದರೆ ನಾಲ್ಕು ಮಳಿಗೆಗೇ ಹೊಟ್ಟೆ ತುಂಬುತ್ತದೆ, ನಾಲ್ವರು ಹಂಚಿಕೊಂಡರೆ ಕೊಳ ಸುತ್ತಿ ಬರಬಹುದು.

ಜರ್ಮನಿಯಲ್ಲಿ ಮೋಜೆಲ್ ನದಿ ಕಣಿವೆಯ ರೀಸ್ಲಿಂಗ್ ವೈನ್ ಕೊಂಡೆ. ಕಡಿದಾದ ಇಳಿಜಾರಿನ ಸ್ಲೇಟು ಕಲ್ಲಿನ ನೆಲದಲ್ಲಿ, ಯಂತ್ರ ಹತ್ತಲಾಗದ ಕಡೆ ಮನುಷ್ಯರೇ ಹತ್ತಿ ಕೊಯ್ಯುವ ದ್ರಾಕ್ಷಿ ಅದು. ಮೊದಲು ಸಿಹಿ, ಹಿಂದೆಯೇ ನಿಂಬೆಯಂಥ ಚುರುಕಾದ ಹುಳಿ. ಈ ಹಬ್ಬದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ: ಇಲ್ಲಿ ಫಲಕದ ಮೇಲೆ ಕಣಿವೆಗೆ ಹೆಸರಿದೆ, ತಳಿಗೆ ಹೆಸರಿದೆ, ಎಷ್ಟೋ ಕಡೆ ತೋಟಕ್ಕೂ ಹೆಸರಿದೆ. ಕುಡಿಯುವವನು ಆ ಹೆಸರು ಕೇಳಿ ಕೊಳ್ಳುತ್ತಾನೆ. ನಮ್ಮ ಬೆಂಗಳೂರು ನೀಲಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ರೈತರು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಆದರೆ ಕ್ರೇಟು ಲಾರಿ ಹತ್ತಿದ ಮೇಲೆ ಅದು ಬರೀ ಕಪ್ಪು ದ್ರಾಕ್ಷಿ, ಬರೀ ಜ್ಯೂಸು. ಬಾಟಲಿಯ ಮೇಲೆ ವಿಜಯಪುರ ಎಂದು ಅಚ್ಚಾದದ್ದನ್ನು ಅಪ್ಪ ನೋಡಲಿಲ್ಲ. ಅಣ್ಣನಾದರೂ ನೋಡಬೇಕು.

ಜರ್ಮನಿ, ಚೀನಾಗಳ ನಡುವೆ ಆಫ್ರಿಕದ ತಿನಿಸು ಸಿಗುವ ಮಳಿಗೆ. ಅಲ್ಲಿ ಕೀನ್ಯಾ ಕಡೆಯ ಗಿತೇರಿ: ಬಿಳಿ ಹುರುಳಿಕಾಯಿ ಬೀಜ, ತೊಗರಿ ಕಾಳು, ಮಸಾಲೆ ಅನ್ನ, ಮೇಲೆ ಹಸಿ ತರಕಾರಿಯ ಪಚಡಿ. ಬೇಳೆಯಾಗದ ಇಡೀ ತೊಗರಿಯನ್ನು ಹಲ್ಲಿಗೆ ಸಿಗುವ ಹಾಗೆ ಬೇಯಿಸಿದ್ದರು. ನಮ್ಮವರ ಹುಟ್ಟೂರು ಕಲಬುರಗಿ ಕಡೆ. ತೊಗರಿಯನ್ನು ಕಂಡದ್ದೇ ತಟ್ಟೆ ತಮ್ಮ ಕಡೆಗೆ ಎಳೆದುಕೊಂಡರು. ಅದೊಂದು ತಟ್ಟೆಯನ್ನು ಅವರು ಯಾರಿಗೂ ಹಂಚಲಿಲ್ಲ, ನಾವೂ ಕೇಳಲಿಲ್ಲ.

ನಾರ್ವೆ, ಮೆಕ್ಸಿಕೊಗಳನ್ನು ಕಾಲು ನೋವಿನಿಂದಾಗಿ ಬರೀ ನೋಡಿಕೊಂಡು ಬಂದೆವು. ರಾತ್ರಿ ಕೊಳದ ಮೇಲೆ ಬಾಣಬಿರುಸು. ಚೆನ್ನಾಗಿತ್ತು, ಆದರೆ ಜನರ ನೂಕುನುಗ್ಗಲು ಶುರುವಾಗುವ ಮೊದಲೇ ಹೊರಟೆವು.

ಮೂರನೆಯ ದಿನ: ಕ್ಲೆರ್ಮಾಂಟ್‌ನ ತೋಟ

ಪಾರ್ಕಿಗೆ ಮತ್ತೆ ಹೋಗುವ ಬದಲು ತಂಗಿ ಕಾರನ್ನು ಹೆದ್ದಾರಿ 27ರತ್ತ ತಿರುಗಿಸಿದಳು. ಆರ್ಲ್ಯಾಂಡೊದ ಪಶ್ಚಿಮಕ್ಕೆ ಕ್ಲೆರ್ಮಾಂಟ್ ಎಂಬ ಊರು. ಚಪ್ಪಟೆಯಾದ ಫ್ಲಾರಿಡಾದಲ್ಲಿ ಅಪರೂಪವಾದ ದಿಣ್ಣೆಗಳ ನಾಡು. ಅಲ್ಲಿ ಲೇಕ್‌ರಿಡ್ಜ್ ಎಂಬ ದ್ರಾಕ್ಷಿ ತೋಟವೂ ವೈನ್ ತಯಾರಿಕೆಯೂ ಒಟ್ಟಿಗಿವೆ. ಎರಡು ದಿನ ಲೋಟದಲ್ಲಿ ಕಂಡದ್ದನ್ನು ಬಳ್ಳಿಯಲ್ಲಿ ಕಾಣದೆ ಊರಿಗೆ ಹೋಗುವ ಮನಸ್ಸು ನನಗಿರಲಿಲ್ಲ.

ಇಲ್ಲಿನ ಮುಖ್ಯ ಬೆಳೆ ಮಸ್ಕಡೈನ್, ಅಮೆರಿಕದ ಆಗ್ನೇಯ ಭಾಗದ ಸ್ವಂತ ದ್ರಾಕ್ಷಿ. ಯುರೋಪಿನ ತಳಿಗಳು ಈ ಸೀಮೆಯಲ್ಲಿ ಬದುಕುವುದು ಕಷ್ಟ. ಕಾರಣ ಪಿಯರ್ಸ್ ರೋಗ. ಜಿಗಿಹುಳುಗಳು ಹರಡುವ ಒಂದು ಬ್ಯಾಕ್ಟೀರಿಯ ಬಳ್ಳಿಯ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ, ಎಲೆಯ ಅಂಚು ಸುಟ್ಟಂತಾಗಿ ಬಳ್ಳಿ ಒಣಗುತ್ತದೆ. ಮಸ್ಕಡೈನ್ ಅದನ್ನು ತಡೆದುಕೊಳ್ಳುತ್ತದೆ. ಹಣ್ಣು ಗೋಲಿಯಷ್ಟು ದಪ್ಪ, ಸಿಪ್ಪೆ ಗಡುಸು. ದೊಡ್ಡ ಗೊಂಚಲಿಲ್ಲ, ನಾಲ್ಕಾರು ಹಣ್ಣುಗಳ ಚಿಕ್ಕ ಚಿಕ್ಕ ಗುಂಪು. ಮಾಗಿದ ಹಾಗೆ ಒಂದೊಂದೇ ಕಳಚಿಕೊಳ್ಳುತ್ತದೆ. ಅದರ ಕೆಂಪು ವೈನ್ ಸಿಹಿ, ತಣ್ಣಗೆ ಮಾಡಿ ಕೊಟ್ಟರು. ವೈನ್ ಬಲ್ಲವರು ಇದನ್ನು ಮೋಜೆಲ್‌ನ ಪಕ್ಕ ಇಡಲಾರರು. ಆದರೆ ತನ್ನ ನೆಲದ ರೋಗವನ್ನು, ಸೆಕೆಯನ್ನು, ಮಳೆಯನ್ನು ತಾಳಿಕೊಂಡು ಫಲ ಕೊಡುವ ಬಳ್ಳಿಯ ಬಗ್ಗೆ ರೈತರ ಮನೆಯವರಿಗೆ ಬೇರೆಯೇ ಗೌರವ ಇರುತ್ತದೆ.

ಅಂಚಿನಲ್ಲಿ ನಿಂತು ಸಾಲುಗಳ ಫೋಟೊ ತೆಗೆದು ಅಣ್ಣನಿಗೆ ಕಳುಹಿಸಿದೆ. ಊರಿನಲ್ಲಿ ರಾತ್ರಿ. ಆದರೂ ತಕ್ಷಣ ಫೋನ್ ಬಂತು. ವೈನ್ ಹೇಗಿದೆ ಎಂದು ಅವನು ಕೇಳಲಿಲ್ಲ. "ಚಪ್ಪರ ಇಲ್ಲವಲ್ಲ, ಒಂದೇ ತಂತಿಯ ಮೇಲೆ ಬಿಟ್ಟಿದ್ದಾರೆ. ಸಾಲಿಗೂ ಸಾಲಿಗೂ ಅಂತರ ಎಷ್ಟಿದೆ ನೋಡು" ಎಂದ. ತಂಗಿ, ನಮ್ಮವರು ಆಗಲೇ ಕಾರಿನಲ್ಲಿ ಕುಳಿತಿದ್ದರು. ಮಗು ಇಳಿದು ಬಂದು ಒಂದು ಸಾಲಿನ ಕಂಬದಿಂದ ಇನ್ನೊಂದು ಸಾಲಿನ ಕಂಬಕ್ಕೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಅಳೆದಳು. ಅಳೆದ ಲೆಕ್ಕವನ್ನು ಫೋನಿನಲ್ಲಿ ಅವಳೇ ಇಂಗ್ಲಿಷಿನಲ್ಲಿ ಹೇಳಿದಳು, ನಂತರ ಕನ್ನಡದಲ್ಲಿ. "ಟ್ರ್ಯಾಕ್ಟರ್ ಹೋಗುವಷ್ಟು ಬಿಟ್ಟಿದ್ದಾರೆ. ಕಡ್ಡಿ ಯಾವಾಗ ಸವರುತ್ತಾರೆ ಎಂದು ಕೇಳಿಕೊಂಡು ಬಾ" ಎಂದ ಅಣ್ಣ. ನಾನು ಮತ್ತೆ ಒಳಗೆ ಹೋದೆ.